ನಮ್ಮನೆಯ ಕಳಸಗಿತ್ತಿ

ಮದುವೆಗೆ ಕರೆಯಲು ಬಂದವರು ಕುಂಕುಮ ಕೊಟ್ಟು, ಕಾರ್ಡು ಕೊಟ್ಟು, "ಎಲ್ರೂ ಬರ್ಲೇಬೇಕು" ಎಂದು ಹೇಳಿ ಹೊರಡುವುದು ವಾಡಿಕೆ. ನನ್ನ ಭಾವನ ಮಗಳು ಹಾಗೆ ಮಾಡಲಿಲ್ಲ. ಅವಳು ಕ್ಯಾತ್ಸಂದ್ರದ ಒಂದು ಕಾಲೇಜಿನಲ್ಲಿ ಪಾಠ ಮಾಡುತ್ತಾಳೆ. ಸಂಜೆ ಕುಣಿಗಲ್ ಬಸ್ಸು ಹಿಡಿಯುವ ಮುಂಚೆ ಮರಳೂರಿನ ನಮ್ಮ ಮನೆಗೆ ಬಂದು ಕಾಫಿ ಕುಡಿದು ಹೋಗುವುದು ಅವಳ ರೂಢಿ. ಅವತ್ತು ಕಾಫಿ ಲೋಟ ಕೆಳಗಿಟ್ಟವಳು ನನ್ನನ್ನೂ ನನ್ನ ಗಂಡನನ್ನೂ ಬಿಟ್ಟು, ಕಿಟಕಿ ಪಕ್ಕ ಕೂತಿದ್ದ ನನ್ನ ಮಗಳ ಎದುರು ಹೋಗಿ ನೆಲದ ಮೇಲೇ ಕೂತುಬಿಟ್ಟಳು.

"ನನ್ ಮದ್ವೇಲಿ ಕಳಸ ನೀನೇ ಹಿಡೀಬೇಕು ಕಣೇ," ಎಂದಳು.

ಮಗಳು ಅವಳತ್ತ ತಿರುಗಿದಳು. "ತೂಕ ಎಷ್ಟು?"

"ತಂಬಿಗೆ, ನೀರು, ಮೇಲೊಂದು ತೆಂಗಿನಕಾಯಿ. ಎರಡು ಕೆಜಿ ಇರ್ಬೋದು."

"ಇರ್ಬೋದು ಅಂದ್ರೆ?"

"ತೂಕ ಹಾಕಿ ಹೇಳ್ತೀನಿ."

"ಹೇಳು. ಆಮೇಲೆ ಹೇಳ್ತೀನಿ," ಎಂದಳು ಮಗಳು.

ಬೇರೆ ಯಾರಾದರೂ ಆಗಿದ್ದರೆ ನಕ್ಕು ಸುಮ್ಮನಾಗುತ್ತಿದ್ದರು, ಇಲ್ಲವೇ ಇದೆಂಥ ಮಗುವಪ್ಪ ಎಂದು ನನ್ನ ಮುಖ ನೋಡುತ್ತಿದ್ದರು. ಆ ಹುಡುಗಿ ಮಾರನೇ ದಿನವೇ ತಕ್ಕಡಿಯ ಮೇಲೆ ಕಳಸವಿಟ್ಟು ಫೋಟೋ ಕಳಿಸಿದಳು. ನನ್ನ ಮಗಳು ಅದನ್ನು ದೊಡ್ಡದು ಮಾಡಿ ನೋಡಿ, "ಆಗತ್ತೆ" ಎಂದಳು. ಅತ್ತೆಮನೆಯ ಕಡೆ ನನಗೆ ಯಾರಾದರೂ ಬಹಳ ಇಷ್ಟವೆಂದರೆ ಅದು ಈ ಹುಡುಗಿಯೇ, ಅದರಲ್ಲಿ ಮುಚ್ಚುಮರೆಯೇನೂ ಇಲ್ಲ.

ನಮ್ಮ ಕಡೆಯ ಮದುವೆಗಳಲ್ಲಿ ಕಳಸಗಿತ್ತಿ ಎಂದರೆ ಸಣ್ಣ ಮಾತಲ್ಲ. ಮದುಮಗಳ ತಂಗಿಯೋ, ಚಿಕ್ಕಪ್ಪನ ಮಗಳೋ, ಅಂತೂ ಆ ಮನೆಯ ಹೆಣ್ಣುಮಗಳೊಬ್ಬಳು ಕಳಸ ಹಿಡಿದು ಮದುಮಗಳ ಪಕ್ಕದಲ್ಲೇ ಇರಬೇಕು. ಈ ಮದುಮಗಳಿಗೆ ಒಡಹುಟ್ಟಿದ ತಂಗಿ ಇಲ್ಲ. ಚಿಕ್ಕಪ್ಪನ ಮಗಳು ಎಂದರೆ ನನ್ನ ಮಗಳೇ. ಲೆಕ್ಕ ಇಷ್ಟು ಸರಳ. ಆದರೆ ಜನಕ್ಕೆ ಸರಳವಾದದ್ದು ಎಲ್ಲಿ ರುಚಿಸುತ್ತದೆ?

ನನ್ನ ಮಕ್ಕಳಿಬ್ಬರನ್ನೂ ನಾವು ದತ್ತು ತೆಗೆದುಕೊಂಡವರು. ಮಗಳು ಬಂದಾಗ ಅವಳಿಗೆ ಐದು ವರ್ಷ, ಈಗ ಹದಿಮೂರು. ಅವಳಿಗೆ ಆಟಿಸಂ. ಅವಳು ಬಂದ ಎರಡು ವರ್ಷದ ಮೇಲೆ ಬಂದ ಮಗನಿಗೆ ಎಡಿಎಚ್‌ಡಿ. ಅವನು ಸುಮ್ಮನಿದ್ದದ್ದನ್ನು ನಾನು ನೋಡಿರುವುದು ನಿದ್ದೆಯಲ್ಲಿ ಮಾತ್ರ, ಆಗಲೂ ಒಂದು ಕಾಲು ಅಲ್ಲಾಡುತ್ತಲೇ ಇರುತ್ತದೆ. ಇನ್ನು ನನಗೂ ಆಟಿಸಂ. ಅದು ಗೊತ್ತಾದದ್ದು ಮಗಳನ್ನು ತೋರಿಸಲು ಹೋದಾಗ. ಡಾಕ್ಟರಮ್ಮ ಅವಳ ಬಗ್ಗೆ ಒಂದೊಂದೇ ಪ್ರಶ್ನೆ ಕೇಳುತ್ತಿದ್ದರು. ಬಟ್ಟೆಯ ಹೊಲಿಗೆ ಚುಚ್ಚುತ್ತದೆ ಅಂತಾಳಾ, ಇದ್ದಕ್ಕಿದ್ದಂತೆ ನೆಂಟರು ಬಂದರೆ ಬಚ್ಚಿಟ್ಟುಕೊಳ್ಳುತ್ತಾಳಾ ಎಂದೆಲ್ಲ. ನಾನು ಪ್ರತಿಯೊಂದಕ್ಕೂ "ಅದರಲ್ಲೇನು ವಿಶೇಷ ಮೇಡಂ, ಎಲ್ರಿಗೂ ಹಾಗೇ ಅಲ್ವಾ?" ಎನ್ನುತ್ತಿದ್ದೆ. ಅವರು ಪೆನ್ನು ಕೆಳಗಿಟ್ಟು ನನ್ನನ್ನೇ ನೋಡತೊಡಗಿದರು. ಪಕ್ಕದಲ್ಲಿದ್ದ ನನ್ನ ಗಂಡ, ಇಷ್ಟು ವರ್ಷ ಇದರ ಜೊತೆ ಸಂಸಾರ ಮಾಡಿದ್ದೀನಲ್ಲ ಎಂಬ ಮುಖ ಮಾಡಿಕೊಂಡು ಫ್ಯಾನು ನೋಡುತ್ತಿದ್ದರು.

ನನಗೆ ಆ ಹೆಸರು ಸಿಕ್ಕಿದ್ದು ತಡವಾಗಿ, ಆದರೆ ಉಪಾಯ ಮೊದಲೇ ಸಿಕ್ಕಿತ್ತು. ಗುಬ್ಬಿಯಲ್ಲಿ ನಾನು ಚಿಕ್ಕವಳಿದ್ದಾಗ ಮನೆಗೆ ಯಾರು ಬಂದರೂ ಮಂಚದ ಕೆಳಗೆ ಸೇರಿಕೊಳ್ಳುತ್ತಿದ್ದೆ. ನನ್ನಮ್ಮ ಬೈಯಲಿಲ್ಲ, ಎಳೆಯಲಿಲ್ಲ. ಯಾರೂ ಇಲ್ಲದ ಮಧ್ಯಾಹ್ನ ತಾನೇ ಬಾಗಿಲಾಚೆ ಹೋಗಿ, ಸೆರಗು ಹೊದ್ದು, ನೆಂಟರಂತೆ ಬಾಗಿಲು ತಟ್ಟುತ್ತಿದ್ದಳು. ನಾನು ತೆಗೆದು "ಬನ್ನಿ, ಕೂತ್ಕೊಳ್ಳಿ, ನೀರು ಕೊಡ್ಲಾ" ಎನ್ನಬೇಕು. ಒಂದು ದಿನ ಅತ್ತೆಯಾಗಿ ಬರುವಳು, ಇನ್ನೊಂದು ದಿನ ಹಾಲಿನವನಾಗಿ. ನಾಟಕಕ್ಕೆ ಹೆಸರಾದ ಊರಿನವರು ನಾವು, ರಿಹರ್ಸಲ್ ಇಲ್ಲದೆ ಪರದೆ ಎತ್ತಬಾರದು ಎನ್ನುವುದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಏಳನೇ ಕ್ಲಾಸು ಓದಿದ ಆ ಹೆಂಗಸು ನನಗಾಗಿ ಎಷ್ಟು ವೇಷ ಹಾಕಿದಳೋ! ನೆನೆಸಿಕೊಂಡರೆ ಇವತ್ತಿಗೂ ಕಣ್ಣು ತುಂಬುತ್ತದೆ.

ಅದನ್ನೇ ನಾನು ನನ್ನ ಮಕ್ಕಳಿಗೂ ಮಾಡುತ್ತಾ ಬಂದೆ. ಕಟಿಂಗ್ ಶಾಪಿಗೆ ಹೋಗುವ ಮುಂಚೆ ಮನೆಯಲ್ಲೇ ಕಟಿಂಗ್ ಶಾಪು, ಹಲ್ಲಿನ ಡಾಕ್ಟರಿಗೆ ಮುಂಚೆ ಮನೆಯಲ್ಲೇ ಹಲ್ಲಿನ ಡಾಕ್ಟರು. ಮಗನಿಗಂತೂ ಬೇರೆಯವರ ಪಾತ್ರ ಮಾಡುವುದೆಂದರೆ ಪ್ರಾಣ. ಒಂದೇ ನಿಮಿಷದಲ್ಲಿ ಕಂಡಕ್ಟರಾಗಿ ಟಿಕೆಟ್ ಹರಿದು, ಮುದುಕಿಯಾಗಿ ಸೀಟು ಕೇಳಿ, ಡ್ರೈವರಾಗಿ ಬ್ರೇಕು ಹಾಕುತ್ತಾನೆ. ಸ್ಕೂಲಿನಲ್ಲಿ ಅವನನ್ನು ಕಂಡರೆ ಟೀಚರುಗಳು ತಲೆ ಚಚ್ಚಿಕೊಳ್ಳುತ್ತಾರೆ, ನಮ್ಮ ಮನೆ ನಡೆಯುವುದೇ ಅವನಿಂದ.

ಕಳಸದ ಸುದ್ದಿ ಕುಣಿಗಲ್ ಮನೆಗೆ ಮುಟ್ಟಿದ ಮೇಲೆ ತಕರಾರು ಎದ್ದಿತು. ಎತ್ತಿದವರು ನನ್ನ ಗಂಡನ ಸೋದರತ್ತೆ. ಆ ಮನೆಯಲ್ಲಿ ಯಾವ ಶುಭಕಾರ್ಯವಿದ್ದರೂ ಕೊನೆಯ ಮಾತು ಅವರದೇ. ಮದುವೆಯ ಮಾತಿಗೆಂದು ಎಲ್ಲರೂ ಸೇರಿದ್ದ ಒಂದು ಭಾನುವಾರ, ನಾನೂ ನನ್ನ ಮಗಳೂ ಅಲ್ಲೇ ಕೂತಿರುವಾಗಲೇ, ಎಲೆ ಅಡಿಕೆ ಹಾಕಿಕೊಳ್ಳುತ್ತಾ ಶುರು ಮಾಡಿದರು.

"ಕಳಸ ಅಂದ್ರೆ ಹುಡುಗಾಟ ಅಲ್ಲ ಕಣ್ರವ್ವ. ಮನೆ ಹೆಣ್ಮಗ ಹಿಡೀಬೇಕು. ಆ ಮಗು ಚಂದಾಗೈತೆ, ಇಲ್ಲ ಅನ್ನಲ್ಲ. ಆದ್ರೆ ಅದೆಲ್ಲಿಂದಲೋ ಬಂದಿದ್ದು. ಅದೂ ಅಲ್ದೆ ಓಲಗದ್ ಸದ್ದಿಗೆ ಎದ್ದು ಓಡೋಗ್ಬುಟ್ರೆ? ಗಂಡಿನ್ ಕಡೆಯೋರ್ ಮುಂದೆ ನಮ್ ಮಾನ ಏನಾಗ್ಬೇಕು?"

ನನ್ನ ಮೈ ಉರಿದುಹೋಯಿತು. ನನಗೆ ಸಿಟ್ಟು ಬಂದರೆ ಮಾತು ಕಟ್ಟಿಹೋಗುತ್ತದೆ. ಹೇಳಬೇಕಾದ್ದೆಲ್ಲ ಗಂಟಲಲ್ಲಿ ಸಿಕ್ಕಿಕೊಂಡು, ತುಮಕೂರಿಗೆ ವಾಪಸ್ಸು ಬಂದು ಚಪ್ಪಲಿ ಬಿಡುವ ಹೊತ್ತಿಗೆ ಹೊರಬರುತ್ತದೆ. ಪುಣ್ಯಕ್ಕೆ ಮದುಮಗಳಿಗೆ ಆ ತೊಂದರೆ ಇಲ್ಲ.

"ಅವಳು ಕಳಸ ಹಿಡೀದಿದ್ರೆ ನಾನು ಹಸೆಮಣೆ ಹತ್ತಲ್ಲ ಅಜ್ಜಿ. ಬೇಕಾದ್ರೆ ಕಾರ್ಡ್ ವಾಪಸ್ ಇಸ್ಕೊಂಡ್ ಬನ್ನಿ," ಎಂದಳು.

ಅಜ್ಜಿ ಅವಳನ್ನು ನೋಡಿದರು, ನನ್ನನ್ನು ನೋಡಿದರು, ಸುಣ್ಣದ ಡಬ್ಬಿ ಮುಚ್ಚಿದರು. "ಸರಿ ಬುಡು. ಹಿಡೀಲಿ. ನನ್ ಮೊಮ್ಮಗಳೂ ರೇಷ್ಮೆಸೀರೆ ಉಟ್ಕೊಂಡ್ ರೆಡಿ ಇರ್ತಾಳೆ. ಇವಳು ಮಧ್ಯ ಕಳಸ ಕೆಳಗಿಟ್ಲೋ, ಮದುಮಗಳ ಪಕ್ಕ ಬುಟ್ಟು ಕದಲಿದ್ಲೋ, ಆಗ ಅವಳ ಕೈಗೆ ಕೊಡಿಸ್ತೀನಿ. ಯಾರೂ ಅಡ್ಡ ಮಾತಾಡ್ಬಾರ್ದು."

ಅಷ್ಟು ಹೊತ್ತು ಚಾಪೆಯ ಎಳೆ ನೋಡುತ್ತಾ ಕೂತಿದ್ದ ನನ್ನ ಮಗಳು ತಲೆಯೆತ್ತಿದಳು. "ಕೆಳಗಿಡ್ಬಾರ್ದು. ಪಕ್ಕ ಬಿಡ್ಬಾರ್ದು. ಇಷ್ಟೇನಾ?"

"ಇಷ್ಟೇ ಕಣವ್ವ."

"ಬೇರೆ ರೂಲ್ಸ್ ಇದ್ರೆ ಈಗ್ಲೇ ಹೇಳ್ಬಿಡಿ. ಆಮೇಲೆ ಸೇರಿಸ್ಬಾರ್ದು."

ಊರಿಗೆಲ್ಲ ಬುದ್ಧಿ ಹೇಳುವ ಅಜ್ಜಿ ಎಲೆ ಅಡಿಕೆ ತಟ್ಟೆ ಪಕ್ಕಕ್ಕೆ ಸರಿಸಿ, "ಇಲ್ಲ ಕಣವ್ವ, ಅಷ್ಟೇಯ," ಎಂದರು. ನನಗೆ ಎದ್ದು ಕುಣಿಯುವಷ್ಟು ಖುಷಿಯಾಯಿತು. ನಾನು ಸಿಟ್ಟಿನಲ್ಲಿ ಉರಿಯುತ್ತಾ ಕೂತಿದ್ದಾಗ ಅವಳು ಎರಡು ಮಾತಿನಲ್ಲಿ ಕರಾರು ಮುಗಿಸಿದ್ದಳು.

ಬರುವಾಗ ಕಾರಿನಲ್ಲಿ ಅವಳು "ನಂಗೆ ಇದು ಬೇಕು" ಎಂದಳು. ಇದು ಬೇಕು, ಅದು ಬೇಕು ಎಂದು ಕೇಳುವ ಹುಡುಗಿಯೇ ಅಲ್ಲ ಅವಳು. ಬಂದ ಹೊಸದರಲ್ಲಿ ಊಟ ಬಡಿಸಿದರೂ ತಿನ್ನಲು ಅಪ್ಪಣೆ ಕಾಯುತ್ತಿದ್ದಳು. ಈ ಮದುವೆಯಲ್ಲಿ ಕಳಸ ಅವಳ ಕೈ ತಪ್ಪಿತೋ, ಕುಣಿಗಲ್ ಮನೆಯಲ್ಲಿ ಅವಳು ಕೊನೆಯವರೆಗೂ ಎಲ್ಲಿಂದಲೋ ಬಂದ ಮಗುವಾಗಿಯೇ ಉಳಿಯುತ್ತಾಳೆ. ಅದು ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು.

ರಿಹರ್ಸಲ್ ಶುರುವಾಯಿತು. ಮಹಡಿಯ ಮೇಲೆ ಎರಡು ಮಣೆ. ನಾನು ಮದುಮಗಳು, ನನ್ನ ಗಂಡ ಮದುಮಗ, ಮಗಳು ತಂಬಿಗೆ ತುಂಬ ನೀರು ಹಿಡಿದು ಪಕ್ಕದಲ್ಲಿ. ಉಳಿದ ಕಲ್ಯಾಣಮಂಟಪವೆಲ್ಲ ಮಗನೇ. ಸ್ಟೀಲು ತಟ್ಟೆ ಬಡಿದು ಗಟ್ಟಿಮೇಳ ಮಾಡುವನು, ಪುರೋಹಿತರಾಗಿ ಗದರುವನು, ಫೋಟೋದವನಾಗಿ ಮುಖದ ಮೇಲೆ ಟಾರ್ಚು ಬಿಡುವನು, ಮಧ್ಯೆ ಯಾವುದೋ ಅತ್ತೆಯಾಗಿ ಬಂದು "ಯಾರ್ ಮಗಳವ್ವ ನೀನು?" ಎಂದು ಅಕ್ಕನ ಗಲ್ಲ ಹಿಂಡುವನು. ಪಕ್ಕದ ಮನೆಯವರು ಒಂದು ದಿನ ತಮ್ಮ ಮಹಡಿಯಿಂದ ಇಣುಕಿ, ನಲವತ್ತು ದಾಟಿದ ದಂಪತಿ ಹಸೆಮಣೆಯ ಮೇಲೆ ಕೂತಿದ್ದನ್ನು ನೋಡಿ ಮೆಲ್ಲಗೆ ಕೆಳಗಿಳಿದು ಹೋದರು. ಮಲ್ಲಿಗೆ ದಂಡೆಯಡಿ ಕಿವಿಗೆ ಇಯರ್ ಪ್ಲಗ್ ಇಟ್ಟರೆ ಕಾಣುವುದಿಲ್ಲ ಎಂದು ಕಂಡುಕೊಂಡದ್ದು ಮಗಳೇ. ಟೈಲರಮ್ಮನ ಬಳಿ ಹೋಗಿ, ಹೊಲಿಗೆ ಚುಚ್ಚದಂತೆ ರವಿಕೆಯ ಒಳಗೆ ಮೆತ್ತನೆ ಬಟ್ಟೆ ಕೊಡಿಸಿಕೊಂಡದ್ದೂ ಅವಳೇ. ಒಂದು ಶನಿವಾರ ದೇವರಾಯನದುರ್ಗಕ್ಕೆ ಕರೆದುಕೊಂಡು ಹೋಗಿ, ಭಕ್ತರು ಗಂಟೆ ಬಾರಿಸುವಲ್ಲಿ ನಿಲ್ಲಿಸಿ ನೋಡಿದೆ. ಕಣ್ಣು ಮಿಟುಕಿಸದೆ ನಿಂತಿದ್ದಳು.

ಅವಳು ಕೇಳಿದ್ದು ಒಂದೇ. "ನೀನು ನಂಗೆ ಕಾಣೋ ಜಾಗದಲ್ಲಿ ನಿಂತಿರ್ಬೇಕು."

"ಮುಂದಿನ ಕಂಬದ ಹತ್ರ ನಿಂತಿರ್ತೀನಿ," ಎಂದೆ.

ಮದುವೆಯ ದಿನ ಕುಣಿಗಲ್ಲಿನ ಆ ಕಲ್ಯಾಣಮಂಟಪದಲ್ಲಿ ಮಗಳು ಕಳಸ ಹಿಡಿದು ಬಂದಾಗ ನನಗೆ ಎದೆ ತುಂಬಿ ಬಂತು. ಹಸಿರು ಸೀರೆ, ಉದ್ದ ಜಡೆ, ನೆಟ್ಟಗಿನ ಬೆನ್ನು. ಅತ್ತಿತ್ತ ನೋಡಲಿಲ್ಲ. ಕಂಬದ ಹತ್ತಿರ ನಾನು ಇರುವುದನ್ನು ಖಾತ್ರಿ ಮಾಡಿಕೊಂಡು ಮದುಮಗಳ ಪಕ್ಕ ನಿಂತಳು. ಮಂಟಪದ ಆಚೆ ಬದಿಯಲ್ಲಿ ಅಜ್ಜಿ, ಅವರ ಪಕ್ಕ ರೇಷ್ಮೆಸೀರೆಯ ಮೊಮ್ಮಗಳು. ಆ ಹುಡುಗಿಯದೇನು ತಪ್ಪು, ಪಾಪ, ಸೆಕೆಗೆ ಬೆವರುತ್ತಾ ನಿಂತಿತ್ತು. ಮಗ ಆಗಲೇ ತಪ್ಪಿಸಿಕೊಂಡು ಡೋಲಿನವರ ಪಕ್ಕ ಕೂತಿದ್ದ, ಅವನನ್ನು ಹಿಡಿದುಕೊಳ್ಳಲು ನನ್ನ ಗಂಡ ಅಲ್ಲಿಗೇ ಹೋಗಿದ್ದರು.

ತಾಳಿ ಕಟ್ಟುವ ಹೊತ್ತು ಬಂತು. "ಗಟ್ಟಿಮೇಳ, ಗಟ್ಟಿಮೇಳ!" ಎಂದು ಪುರೋಹಿತರು ಮೈಕಿನಲ್ಲಿ ಕೂಗಿದರು. ಓಲಗ, ಡೋಲು, ಹೊರಗೆ ಪಟಾಕಿ, ಮುಖಕ್ಕೇ ಬಿಟ್ಟ ವಿಡಿಯೋ ಲೈಟು, ಹಿಂದಿನಿಂದ ತಲೆಯ ಮೇಲೆ ಬೀಳುತ್ತಿದ್ದ ಅಕ್ಷತೆ, ಮುಂದೆ ಬರಲು ನನ್ನ ಬೆನ್ನಿಗೆ ಒತ್ತುತ್ತಿದ್ದ ಯಾರದೋ ಮೊಣಕೈ. ಮಗಳು ಕದಲಲಿಲ್ಲ. ಓಡಿದ್ದು ನಾನು.

ಅಯ್ಯೋ ನನ್ನ ಬುದ್ಧಿಯೇ! ಇಷ್ಟು ದಿನ ರಿಹರ್ಸಲ್ ಮಾಡಿದ್ದು ಕಳಸ ಹಿಡಿಯುವವಳಿಗೆ. ಕಂಬದ ಪಕ್ಕ ನಿಲ್ಲುವವಳಿಗೆ ರಿಹರ್ಸಲ್ಲೇ ಆಗಿರಲಿಲ್ಲ. ಮಗಳ ಕಿವಿಗೆ ಪ್ಲಗ್ ತಂದವಳಿಗೆ ತನಗೂ ಎರಡು ಕಿವಿ ಇವೆ ಎನ್ನುವುದು ಹೊಳೆದಿರಲಿಲ್ಲ. ತಾಳಿ ಕಟ್ಟಿದ್ದನ್ನು ನೋಡಿದೆನೋ ಇಲ್ಲವೋ ತಿಳಿಯದು. ನನಗೆ ಎಚ್ಚರವಾದಾಗ ಊಟದ ಮನೆ ದಾಟಿ, ಅಡಿಗೆಯವರ ಹಿತ್ತಲಿನಲ್ಲಿ, ಮಗುಚಿಟ್ಟ ದೊಡ್ಡ ಕೊಳದಪ್ಪಲೆಗಳ ಮಧ್ಯೆ ಕಿವಿ ಮುಚ್ಚಿಕೊಂಡು ಕೂತಿದ್ದೆ. ಕಂಬದ ಹತ್ತಿರ ನಾನಿಲ್ಲದ್ದನ್ನು ಅವಳು ನೋಡುತ್ತಾಳೆ, ಕಳಸ ಬಿಟ್ಟು ಓಡಿ ಬರುತ್ತಾಳೆ, ಎಲ್ಲ ನನ್ನಿಂದಲೇ ಹಾಳಾಯಿತು ಎಂದು ಗೊತ್ತಾಗುತ್ತಿತ್ತು. ಕಿವಿಯಿಂದ ಕೈ ತೆಗೆಯಲು ಮಾತ್ರ ಆಗಲಿಲ್ಲ.

ಮಂಟಪದಲ್ಲಿ ನಡೆದದ್ದನ್ನು ಆಮೇಲೆ ಮದುಮಗಳೇ ನನಗೆ ಹೇಳಿದಳು. ಗದ್ದಲ ಸ್ವಲ್ಪ ಇಳಿದು, ಇಬ್ಬರ ಸೆರಗು ಶಲ್ಯ ಸೇರಿಸಿ ಗಂಟು ಹಾಕಿದ ಮೇಲೆ ನನ್ನ ಮಗಳು ಬಗ್ಗಿ ಅವಳ ಕಿವಿಯಲ್ಲಿ ಹೇಳಿದಳಂತೆ: "ಅಕ್ಕ, ಅಮ್ಮ ಕಂಬದ ಹತ್ರ ಇಲ್ಲ. ಹುಡುಕ್ಬೇಕು. ನಾನು ನಿನ್ ಪಕ್ಕ ಬಿಡ್ಬಾರ್ದು. ಅದಕ್ಕೆ ನೀನೂ ಬಾ."

ಬೇರೆ ಮದುಮಗಳಾಗಿದ್ದರೆ ಏನು ಮಾಡುತ್ತಿದ್ದಳೋ. ಇವಳು ನನ್ನ ಮಗಳ ಮುಖವನ್ನೊಮ್ಮೆ ನೋಡಿ ಎದ್ದು ನಿಂತಳು.

ಮದುಮಗ ಗಾಬರಿಯಾದ. "ಎಲ್ಲಿಗೆ?"

"ಚಿಕ್ಕಮ್ಮನ್ನ ಹುಡುಕೋಕೆ. ಏಳಿ, ಗಂಟು ಬಿಚ್ಚೋಗತ್ತೆ."

ಆ ಹುಡುಗನ ದೊಡ್ಡಗುಣವನ್ನೂ ಹೇಳಬೇಕು. ಬಾಸಿಂಗ ಸರಿ ಮಾಡಿಕೊಂಡು ಹಿಂದೆಯೇ ಹೊರಟನಂತೆ. ಹೆಣ್ಣು ಗಂಡು ಎದ್ದದ್ದು ಕಂಡು ಓಲಗದವರೂ ಊದುತ್ತಾ ಮುಂದೆ ಬಂದರು. ಮಗಳು ತಿರುಗಿ ನಿಂತು, "ನೀವು ಬರ್ಬೇಡಿ. ಅಮ್ಮಂಗೆ ಸದ್ದು ಆಗಲ್ಲ," ಎಂದಳಂತೆ. ಅವರು ವಾದ್ಯ ಇಳಿಸಿ ಅಲ್ಲೇ ನಿಂತರು. ಸದ್ದು ಕಡಿಮೆ ಇರುವ ಕಡೆ ಹುಡುಕುತ್ತಾ ಮೂವರೂ ಹಿತ್ತಲಿಗೆ ಬಂದರಂತೆ.

ನಾನು ತಲೆಯೆತ್ತಿದಾಗ ಕಂಡದ್ದು ಇದು. ಮುಂದೆ ಮದುಮಗಳು, ಅವಳ ಸೆರಗಿಗೆ ಗಂಟು ಬಿದ್ದು ಹಿಂದೆ ಮದುಮಗ, ಪಕ್ಕದಲ್ಲಿ ಎರಡೂ ಕೈಯಲ್ಲಿ ಕಳಸ ಹಿಡಿದ ನನ್ನ ಮಗಳು. ಒಂದು ತೊಟ್ಟು ನೀರು ಚೆಲ್ಲಿರಲಿಲ್ಲ. ಅವಳ ತೋಳು ನಡುಗುತ್ತಿತ್ತು. ಕೆಳಗಿಟ್ಟಿಲ್ಲ, ಪಕ್ಕ ಬಿಟ್ಟಿಲ್ಲ, ಅಮ್ಮನನ್ನೂ ಬಿಟ್ಟಿಲ್ಲ. ನಾನಾಗಿದ್ದರೆ ಮೂರರಲ್ಲಿ ಯಾವುದನ್ನು ಬಿಡುವುದೆಂದು ತಲೆ ಕೆಡಿಸಿಕೊಂಡು ಮೂರನ್ನೂ ಕಳೆದುಕೊಳ್ಳುತ್ತಿದ್ದೆ.

"ಅಮ್ಮ, ಮಾತಾಡ್ಬೇಡ. ಉಸಿರು ತಗೋ. ನಾವು ಇಲ್ಲೇ ಇರ್ತೀವಿ," ಎಂದಳು. ಅವಳಿಗೆ ಹೀಗಾದಾಗ ನಾನು ಅವಳಿಗೆ ಹೇಳುವ ಮಾತದು. ಮದುಮಗಳು ಹತ್ತಿರ ಬಂದು, ಮುಟ್ಟದೆ, ಅಲ್ಲೇ ಕೊಳದಪ್ಪಲೆಯ ಮೇಲೆ ಕೂತಳು. ಮದುಮಗನಿಗೆ ಬೇರೆ ದಾರಿಯಿರಲಿಲ್ಲ, ಅವನೂ ಕೂತ.

ಅಷ್ಟರಲ್ಲಿ ಅಜ್ಜಿ ಬಂದರು. ಅವರ ಹಿಂದೆ ಮೊಮ್ಮಗಳು, ಅವಳ ಹಿಂದೆ ನನ್ನ ಗಂಡ, ಮಗ, ಅವರ ಹಿಂದೆ ಗಂಡಿನ ಕಡೆಯ ಒಂದು ಹಿಂಡು ಹೆಂಗಸರು. ಅಡಿಗೆಯವರು ಸೌಟು ಹಿಡಿದು ಬಾಗಿಲಲ್ಲಿ ನಿಂತರು. ಅಜ್ಜಿಯ ಮುಖ ಕೆಂಪಾಗಿತ್ತು. ಮೊಮ್ಮಗಳು ಹೇಳಿಕೊಟ್ಟಿದ್ದಂತೆ ಮುಂದೆ ಬಂದು ಕಳಸಕ್ಕೆ ಕೈ ಚಾಚಿದಳು.

"ನಾನು ಕೆಳಗಿಟ್ಟಿಲ್ಲ ಅಜ್ಜಿ," ಎಂದಳು ನನ್ನ ಮಗಳು. "ಪಕ್ಕಾನೂ ಬಿಟ್ಟಿಲ್ಲ. ಅಕ್ಕ ಇಲ್ಲೇ ಇದಾಳೆ, ನೋಡಿ."

ಅಜ್ಜಿ ನೋಡಿದರು. ಕೊಳದಪ್ಪಲೆಯ ಮೇಲೆ ಕೂತ ಮದುಮಕ್ಕಳನ್ನು, ನೆಲದ ಮೇಲೆ ಕೂತ ನನ್ನನ್ನು, ಕಳಸವನ್ನು, ನಡುಗುವ ಆ ತೋಳನ್ನು. ಮೊಮ್ಮಗಳ ಕೈಗೆ ಪಟ್ಟಂತ ಒಂದು ಕೊಟ್ಟರು. "ಬುಡೇ ಅತ್ಲಾಗೆ! ಅವಳೇ ಹಿಡ್ಕಂಡವಳೆ."

ಗಂಡಿನ ಕಡೆಯ ಹಿರಿಯ ಹೆಂಗಸೊಬ್ಬರು ಮೂಗಿನ ಮೇಲೆ ಬೆರಳಿಟ್ಟರು. "ಇದೇನ್ರೀ ಇದು, ಧಾರೆ ಮುಗೀತಿದ್ದಂಗೇ ಹೆಣ್ಣು ಗಂಡು ಹಿತ್ತಲಿಗೆ?"

"ಅರುಂಧತಿ ನಕ್ಷತ್ರ ನೋಡೋಕೆ ಹೆಂಗೂ ಆಚೆ ಬರ್ಲೇಬೇಕಲ್ಲ. ಒಂದ್ ಗಳಿಗೆ ಮುಂಚೆ ಬಂದವ್ರೆ, ಅದಕ್ಕೇನು?" ಎಂದರು ಅಜ್ಜಿ, ಒಂದು ಚೂರೂ ತಡವರಿಸದೆ. "ಏನ್ಲಾ, ಹೋಗಿ ಪುರೋಹಿತರನ್ನ ಇಲ್ಲಿಗೇ ಕರ್ಕಂಬಾ. ಓಲಗದೋರು ಬರೋದು ಬ್ಯಾಡ ಅನ್ನು." ನನ್ನ ಗಂಡ ಓಡಿದರು.

ಆ ಹೆಂಗಸಿಗೆ ಸಮಾಧಾನವಾಗಲಿಲ್ಲ. "ಯಾರ್ರೀ ಈ ಕಳಸದ್ ಹುಡುಗಿ?"

"ನಮ್ಮುಡ್ಗಿ. ಇನ್ಯಾರು?" ಅಜ್ಜಿ ನನ್ನತ್ತ ಕೈ ತೋರಿಸಿ ಗದರುವ ದನಿಯಲ್ಲೇ ಹೇಳಿದರು. "ಅಗೋ ಅಲ್ಲಿ ಕುಂತವಳಲ್ಲ, ಅವಳ್ ಮಗಳು. ತಾಯೀದೇ ಮೊಂಡಾಟ, ತಾಯೀದೇ ಬುದ್ಧಿ. ಹೊಟ್ಟೇಲಿದ್ದಾಗ್ಲೇ ಕಲ್ತ್ಕಂಡ್ ಬಂದವಳೆ!"

ನಮ್ಮ ಮನೆಯಲ್ಲಿ ತಪ್ಪು ಮಾತು ಕಿವಿಗೆ ಬಿದ್ದರೆ ತಿದ್ದದೆ ಬಿಡುವವರು ಯಾರೂ ಇಲ್ಲ. ತಡೆದುಕೊಳ್ಳುವ ಶಕ್ತಿಯೇ ನಮಗೆ ಬಂದಿಲ್ಲ. ನನ್ನ ಮಗ ಆಗಲೇ ಮುಂದೆ ನುಗ್ಗಿದ್ದ. "ಇಲ್ಲ ಅಜ್ಜಿ, ಅಕ್ಕ ಅಮ್ಮನ ಹೊಟ್ಟೇಲಿ..."

ನನ್ನ ಮಗಳು ಕಳಸವನ್ನು ಎದೆಗೆ ಒತ್ತಿಕೊಂಡು ಅವನತ್ತ ತಿರುಗಿದಳು.

"ಸುಮ್ನಿರೋ," ಎಂದಳು. "ಅಜ್ಜಿ ಮಾತಾಡ್ತಿದಾರೆ."